ಹಿತ್ತಲ ಲೇತಿಗೆ ಮೂರು ಫೇಸು

ಎದುರು ಮನೆಯಲ್ಲಿ ಟೀವಿ ಹಾಡುತ್ತಿದೆ, ನಮ್ಮ ಮನೆಯಲ್ಲಿ ಕಗ್ಗತ್ತಲು. ಬಿಲ್ಲು ಕಟ್ಟಿದ್ದೇವೆ, ಫ್ಯೂಸು ನೆಟ್ಟಗಿದೆ, ಆದರೂ ಕತ್ತಲು. ಇಂಥ ಹೊತ್ತಿನಲ್ಲಿ ಬೀದಿಯಲ್ಲಿ ಪಂಚೆ ಎತ್ತಿ ಕಟ್ಟಿ ನಿಂತ ಯಾರಾದರೊಬ್ಬರು ಕಂಬದ ತುದಿ ನೋಡಿ, "ಒಂದು ಫೇಸ್ ಹೋಗೈತಿ ಬಿಡ್ರೀ" ಎಂದು ತೀರ್ಪು ಕೊಡುತ್ತಾರೆ. ನಮ್ಮವರು ಕರೆಂಟಿನ ಮೊದಲ ಪಾಠ ಕಲಿಯುವುದು ಶಾಲೆಯಲ್ಲಲ್ಲ, ಹೀಗೆ ಹೊಟ್ಟೆಕಿಚ್ಚಿನಲ್ಲಿ.

ನಮ್ಮ ಬೀದಿಯ ಕಂಬದ ಮೇಲೆ ಐದು ತಂತಿ. ಮೂರು ಫೇಸು, ಒಂದು ನ್ಯೂಟ್ರಲ್, ಬೀದಿದೀಪದ್ದೊಂದು. ನಮ್ಮ ಮನೆಗೆ ಒಂದು ಫೇಸ್ ಇಳಿದಿದೆ, ಎದುರು ಮನೆಗೆ ಇನ್ನೊಂದು. ಮೂರನ್ನೂ ಇಳಿಸಿಕೊಂಡ ಭಾಗ್ಯವಂತರು ಬೀದಿಗೊಬ್ಬರಾದರೂ ಇರುತ್ತಾರೆ. ಒಂದು ಹೋಯಿತೋ, ಟಾರ್ಚ್ ಹಿಡಿದು ಬಂದು ಫ್ಯೂಸ್ ಕಿತ್ತು ಪಕ್ಕದ ಖಾನೆಗೆ ಸಿಕ್ಕಿಸಿ, "ಫೇಸ್ ಚೇಂಜ್" ಮಾಡಿಕೊಂಡು ಮತ್ತೆ ಧಾರಾವಾಹಿಯ ಮುಂದೆ ಕೂರುತ್ತಾರೆ. ನಾನು ಅರವತ್ತು ವರ್ಷ ಅಂಥವರನ್ನು ಕಂಡು ಕರುಬಿದ್ದೇನೆಯೇ ಹೊರತು ನನಗೂ ಮೂರು ಬೇಕು ಎಂದವನಲ್ಲ. ಮಿಕ್ಸಿ, ಗ್ರೈಂಡರು, ಗೀಸರಿನ ಸಂಸಾರಕ್ಕೆ ಒಂದು ಫೇಸ್ ಧಾರಾಳ.

ಆಮೇಲೆ ಲೇತು ಬಂತು.

ಬಂತು ಅಂದರೆ ತಾನಾಗಿ ಬರಲಿಲ್ಲ, ನಾನೇ ತಂದೆ. ಬ್ಯಾಂಕಿನಲ್ಲಿದ್ದಾಗ ಸಣ್ಣ ಕಾರ್ಖಾನೆಯವರಿಗೆ ಲೇತಿನ ಸಾಲ ಮಂಜೂರು ಮಾಡಿ ಮಾಡಿ, ತಪಾಸಣೆಯ ನೆಪದಲ್ಲಿ ಅವರ ಶೆಡ್ಡುಗಳಲ್ಲಿ ನಿಂತು ನಿಂತು, ಕಬ್ಬಿಣ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುವುದನ್ನು ಬಾಯಿಬಿಟ್ಟು ನೋಡಿ ನೋಡಿ ಹುಚ್ಚು ಹತ್ತಿತ್ತು. ಅದೂ ಅಲ್ಲದೆ ನಾವು ದಾವಣಗೆರೆಯವರು. ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶಕ್ಕೆಲ್ಲ ಲೇತು ಮಾಡಿ ಕಳಿಸಿದ್ದು. ಕಾರ್ಖಾನೆ ಮುಚ್ಚಿ ಹೋಯಿತು, ಲೇತುಗಳು ಇನ್ನೂ ಎಲ್ಲೆಲ್ಲೋ ತಿರುಗುತ್ತಲೇ ಇವೆ. ಗುಜರಿಯವನೊಬ್ಬನ ಅಂಗಳದಲ್ಲಿ ತಗಡಿನ ಕೆಳಗೆ ಮಲಗಿದ್ದ ಒಂದನ್ನು ಕಂಡು ನನಗೆ ತವರಿನ ಹೆಣ್ಣು ಕಂಡಷ್ಟು ಮಮತೆ ಉಕ್ಕಿತು. ತೂಕದ ಲೆಕ್ಕದಲ್ಲಿ ಕೊಟ್ಟ. "ಮೋಟರ್ ಹೆಂಗೈತಪ್ಪ?" ಅಂದೆ. "ಕರೆಂಟ್ ಕೊಡ್ರಿ ಸಾರ್, ಕುದುರೆ ಓಡಿದಂಗ ಓಡ್ತೈತಿ" ಅಂದ. ಅವನು ಸುಳ್ಳು ಹೇಳಲಿಲ್ಲ. ಎಂಥ ಕರೆಂಟು ಅಂತ ನಾನು ಕೇಳಲಿಲ್ಲ, ಅಷ್ಟೆ.

ಪೈಪಿನ ತುಂಡುಗಳ ಮೇಲೆ ಉರುಳಿಸುತ್ತ ಆರು ಜನ ಅದನ್ನು ಹಿತ್ತಲಿಗೆ ಸೇರಿಸುವಷ್ಟರಲ್ಲಿ ಮನೆಯವಳ ದುಂಡುಮಲ್ಲಿಗೆ ಗಿಡ ಕೈಲಾಸ ಸೇರಿತ್ತು. ಸಂಜೆ ಮೋಟರಿನ ಮೇಲಿನ ಜಿಡ್ಡು ಒರೆಸಿ ಚಾಳೀಸು ಏರಿಸಿ ತಗಡಿನ ಚೀಟಿ ಓದಿದೆ: 2 ಎಚ್‌ಪಿ, 415 ವೋಲ್ಟ್, 3 ಫೇಸ್. ನಮ್ಮ ಮನೆಯಲ್ಲಿರುವುದು 230 ವೋಲ್ಟ್, 1 ಫೇಸ್. ಜಾತಕ ಕೂಡಿಸದೆ ಮದುವೆ ಮಾಡಿಕೊಂಡಂತಾಗಿತ್ತು.

ಈ ಮೂರು ಫೇಸಿನ ಮಹಿಮೆ ಏನು ಅಂತ ಮನೆಯವಳಿಗೆ ವಿವರಿಸಲು ಒನಕೆಯ ಉದಾಹರಣೆ ಕೊಟ್ಟೆ. ಒಂದೇ ಒರಳಿಗೆ ಒಬ್ಬಳೇ ಕುಟ್ಟಿದರೆ ಏಟು ಬಿದ್ದಾಗ ಭತ್ತ ನುರಿಯುತ್ತದೆ, ಒನಕೆ ಮೇಲೆ ಹೋದಾಗ ಒರಳು ಸುಮ್ಮನಿರುತ್ತದೆ. ಮೂವರು ನಿಂತು ಒಬ್ಬರಾದ ಮೇಲೊಬ್ಬರು ಲಯ ತಪ್ಪದೆ ಹಾಕಿದರೆ ಏಟಿಗೆ ಬಿಡುವೇ ಇಲ್ಲ. ಒಂದು ಫೇಸಿನ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗಿಳಿದು ಏಳುತ್ತದೆ. ಮೂರು ಫೇಸಿನಲ್ಲಿ ಒಬ್ಬರು ಇಳಿಯುವಾಗ ಇನ್ನೊಬ್ಬರು ಏರುತ್ತಿರುತ್ತಾರೆ, ಮೋಟರು ಗುಂಯ್‌ಗುಡದೆ ಎಣ್ಣೆಯಂತೆ ತಿರುಗುತ್ತದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಒಂದು ಫೇಸಿನ ಮೋಟರಿಗೆ ತಾನಾಗಿ ಹೊರಡಲು ಬಾರದು. ತೇರಿನ ಗಾಲಿಗೆ ಹಿಂದಿನಿಂದ ಸನ್ನೆ ಹಾಕುತ್ತಾರಲ್ಲ, ಹಾಗೆ ಅದಕ್ಕೊಂದು ಕಂಡೆನ್ಸರ್ ಬೇಕು. ಮೂರು ಫೇಸಿನದ್ದಕ್ಕೆ ಯಾರ ಹಂಗೂ ಇಲ್ಲ.

"ಮೂವರು ಹೆಂಗಸರ ಕೂಲಿ ಯಾರು ಕೊಡ್ತಾರೆ?" ಅಂದಳು.

ನಾನು ಇತಿಹಾಸಕ್ಕೆ ಮೊರೆಹೋದೆ. ಜರ್ಮನಿಯಲ್ಲಿ 1891ರಲ್ಲಿ ಲೌಫೆನ್ನಿನಿಂದ ಫ್ರಾಂಕ್‌ಫರ್ಟಿಗೆ 175 ಕಿಲೋಮೀಟರ್ ದೂರ ಮೂರು ಫೇಸ್ ಕರೆಂಟ್ ಹರಿಸಿ ಜಗತ್ತಿಗೆ ತೋರಿಸಿದರು. ನಮ್ಮಲ್ಲಿ 1902ರಲ್ಲೇ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ದೀಪ ಹತ್ತಿದ್ದು 1905ರಲ್ಲಿ. ಅಂದರೆ ಈ ನಾಡಿನಲ್ಲಿ ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕೂತದ್ದು ಯಂತ್ರ, ಮನೆಯವರದ್ದು ಎರಡನೆಯ ಪಂಕ್ತಿ. ಅದು ಸಂಪ್ರದಾಯ ಅಂದೆ.

"ಆ ಗಣಿಯಲ್ಲಿ ಚಿನ್ನ ಬರ್ತಿತ್ತು. ನಿಮ್ಮದರಲ್ಲಿ ಏನು ಬರುತ್ತೆ?"

ಆ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಅವಳು ಮಾತ್ರ ಅಂದೇ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ "ಲೇತು" ಎಂದು ತಲೆಬರಹ ಹಾಕಿ ಗೆರೆ ಎಳೆದಳು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ನಾನು ತೆರೆದ ಯಾವ ಖಾತೆಗೂ ಇಷ್ಟು ಕಟ್ಟುನಿಟ್ಟಿನ ಆಡಿಟ್ ನಡೆದಿರಲಿಕ್ಕಿಲ್ಲ.

ಮೊದಲು ಹೋದದ್ದು ಕೆಇಬಿಗೆ. ಆ ಹೆಸರಿನ ವಿದ್ಯುತ್ ಮಂಡಳಿ ಕಾಗದದ ಮೇಲಿಂದ ಅಳಿದು ಕಾಲು ಶತಮಾನ ಕಳೆಯಿತು. 1999ರಲ್ಲಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ಹಂಚಿಕೆಯ ಕಂಪನಿಗಳಾದವು, ನಮ್ಮ ಬಾಯಲ್ಲಿ ಇವತ್ತಿಗೂ ಕೆಇಬಿಯೇ. ಮೂರು ಫೇಸು ಕೊಡುವುದಿಲ್ಲ ಅಂತ ಯಾರೂ ಅನ್ನಲಿಲ್ಲ. ಅರ್ಜಿ ಹಾಕಬೇಕು, ಲೋಡು ಹೆಚ್ಚಿಸಬೇಕು, ಠೇವಣಿ ಕಟ್ಟಬೇಕು, ಕಂಬದಿಂದ ಹೊಸ ಕೇಬಲ್ಲು, ಹೊಸ ಮೀಟರ್ ಬೋರ್ಡು, ಲೈಸೆನ್ಸ್ ಇರುವ ಗುತ್ತಿಗೆದಾರರ ಟೆಸ್ಟ್ ರಿಪೋರ್ಟು. ಎಲ್ಲಕ್ಕಿಂತ ಚುಚ್ಚಿದ್ದು ನಿಗದಿತ ಶುಲ್ಕ. ಅದು ಮಂಜೂರಾದ ಲೋಡಿನ ಮೇಲೆ ತಿಂಗಳು ತಿಂಗಳೂ ಬೀಳುತ್ತದೆ; ಲೇತು ತಿರುಗಲಿ, ಮುಸುಕು ಹೊದ್ದು ಮಲಗಲಿ. ದಿನಕ್ಕೆ ಹನ್ನೆರಡು ಗಂಟೆ ಕೆಲಸ ಇರುವವನಿಗೆ ಇದೇ ಸರಿಯಾದ ದಾರಿ, ಅವನು ಬೇರೆ ಯೋಚನೆಯನ್ನೇ ಮಾಡಬಾರದು. ಭಾನುವಾರಕ್ಕೊಮ್ಮೆ ಒಂದು ಬೋಲ್ಟು ತಿರುಗಿಸುವವನಿಗೆ ಮನೆಗೊಂದು ಆನೆ ಕಟ್ಟಿಕೊಂಡಂತೆ.

ಇನ್ನು ಸಲಹೆಗಾರರು. ಹಿತ್ತಲಿಗೆ ಲೇತು ಬಂದಿದೆ ಅಂತ ಗೊತ್ತಾದರೆ ಸಾಕು, ಚಹಾದ ಹೊತ್ತಿಗೆ ಸರಿಯಾಗಿ ಬರುತ್ತಾರೆ.

ಚನ್ನಗಿರಿ ಕಡೆ ಅಡಕೆ ತೋಟ ಇರುವ ನಮ್ಮ ಷಡ್ಡಕರು ಬಂದವರೇ ನಕ್ಕರು. "ಭಾವ, ಇದಕ್ಯಾಕೆ ಇಷ್ಟು ತಲೆ? ಪಂಪ್‌ಸೆಟ್ಟಿಗೆ ಮೂರು ಫೇಸ್ ಕೊಡೋದು ದಿನಕ್ಕೆ ಏಳು ತಾಸು. ಉಳಿದ ಹೊತ್ತು ನಮ್ಮ ಕಡೆ ಕಂಡೆನ್ಸರ್ ಕಟ್ಟಿ ಎರಡರಲ್ಲೇ ಎತ್ತಿಸ್ತಾರೆ." ಎತ್ತಿಸುತ್ತಾರೆ, ನಿಜ. ಕಂಡೆನ್ಸರು ಮೂರನೆಯ ಹೆಂಗಸಿನ ಸೀರೆ ಉಟ್ಟು ನಿಲ್ಲುತ್ತದೆ, ಏಟು ಮಾತ್ರ ಅರೆಬರೆ. ಮೋಟರಿನ ಪೂರ್ತಿ ಶಕ್ತಿ ಬರುವುದಿಲ್ಲ, ಒಂದು ಕಡೆಯ ಸುರುಳಿಗೆ ಜಾಸ್ತಿ ಕರೆಂಟು ನುಗ್ಗಿ ಬಿಸಿಯೇರುತ್ತದೆ. "ಮೋಟರ್ ಸುಡಲ್ವೇ?" ಎಂದು ಕೇಳಿದೆ. "ಸುಡುತ್ತೆ. ವರ್ಷಕ್ಕೊಂದ್ಸಲ ವೈಂಡಿಂಗ್ ಇದ್ದದ್ದೇ ಬಿಡಿ" ಅಂದರು, ಮನೆಯ ಹಿರಿಯರ ತಿಥಿಯ ಮಾತು ಹೇಳಿದಷ್ಟು ಶಾಂತವಾಗಿ.

ಇನ್ನೊಬ್ಬರು ಟರ್ನರು, ನನ್ನಿಂದ ಸಾಲ ಪಡೆದು ಪೂರ್ತಿ ತೀರಿಸಿದವರು, ಹಾಗಾಗಿ ಅವರ ಮಾತಿಗೆ ನನ್ನಲ್ಲಿ ತೂಕ ಹೆಚ್ಚು. ಅವರದು ಹಳೆಯ ಕಾಲದ ಯುಕ್ತಿ. ಲೇತಿನದಕ್ಕಿಂತ ಒಂದು ಅಳತೆ ದೊಡ್ಡದಾದ ಮೂರು ಫೇಸಿನ ಮೋಟರನ್ನು ಮೂಲೆಯಲ್ಲಿಟ್ಟು, ಹೇಗಾದರೂ ಒಮ್ಮೆ ತಿರುಗಲು ಹಚ್ಚಿದರೆ, ಒಂದು ಫೇಸಿನ ಮೇಲೆ ಅದು ಖಾಲಿ ತಿರುಗುತ್ತಲೇ ಇರುತ್ತದೆ. ತಿರುಗುತ್ತ ತಿರುಗುತ್ತ ಇಲ್ಲದ ಮೂರನೆಯ ತಂತಿಯಲ್ಲಿ ವೋಲ್ಟೇಜು ಹುಟ್ಟಿಸುತ್ತದೆ. ಆ ಮೂರೂ ತಂತಿಯನ್ನು ಲೇತಿಗೆ ಕೊಟ್ಟರಾಯಿತು. ಇದು ಕಂಡೆನ್ಸರಿನ ಕಣ್ಕಟ್ಟಲ್ಲ, ಸರಿಯಾದ ಕೆಲಸ. ಒಂದೇ ಶೆಡ್ಡಿನಲ್ಲಿ ನಾಲ್ಕಾರು ಯಂತ್ರ ಇರುವವರಿಗೆ ಅನುಕೂಲವೂ ಹೌದು. ಆದರೆ ಅದರಿಂದ ಹುಟ್ಟುವ ವೋಲ್ಟೇಜೂ 230ರ ಸುತ್ತಲೇ, ಅದನ್ನು 415ಕ್ಕೆ ಏರಿಸಲು ಟ್ರಾನ್ಸ್‌ಫಾರ್ಮರ್ ಬೇರೆ. ನಾನು ಉತ್ಸಾಹದಿಂದ ಕಾಗದದ ಮೇಲೆ ಚಿತ್ರ ಬರೆಯುತ್ತಿದ್ದಾಗ ಚಹಾ ತಂದ ಮನೆಯವಳು ನಿಂತು ಪೂರ್ತಿ ಕೇಳಿದಳು.

"ಅಂದ್ರೆ ಕೆಲಸ ಮಾಡೋದಕ್ಕೆ ಒಂದು, ಪಕ್ಕದಲ್ಲಿ ಸುಮ್ಮನೆ ತಿರುಗೋದಕ್ಕೆ ಒಂದು. ಅಲ್ರೀ, ಸುಮ್ಮನೆ ತಿರುಗೋರು ಮನೇಲಿ ಆಗಲೇ ಒಬ್ಬರು ಇದಾರಲ್ಲ?"

ಟರ್ನರು ಚಹಾವನ್ನು ಸಾಸರಿಗೆ ಬಗ್ಗಿಸಿಕೊಂಡು ಮೀಸೆಯೊಳಗೇ ನಕ್ಕರು. ಆ ಯೋಜನೆ ಅಲ್ಲಿಗೆ ಮುಗಿಯಿತು.

ಮೋಟರನ್ನೇ ಬಿಸಾಕಿ ಒಂದು ಫೇಸಿನದ್ದು ಹಾಕಿಸಿ ಅಂದವರೂ ಇದ್ದರು. ಬುದ್ಧಿವಂತರ ಮಾತು, ಅದಕ್ಕೇ ನನಗೆ ರುಚಿಸಲಿಲ್ಲ.

ಕೊನೆಗೆ ಆಯ್ದುಕೊಂಡದ್ದು ವಿಎಫ್‌ಡಿ. ಅಂಗಡಿಯಲ್ಲಿ ಬರೀ "ಡ್ರೈವ್" ಅಂದರೂ ಕೊಡುತ್ತಾರೆ. ಊಟದ ಡಬ್ಬಿಯಷ್ಟು ಪೆಟ್ಟಿಗೆ. ಒಂದು ಫೇಸಿನ ಕರೆಂಟನ್ನು ಒಳಗೆ ಎಳೆದುಕೊಂಡು ಮೊದಲು ಡಿಸಿ ಮಾಡಿ, ಸುಮಾರು 325 ವೋಲ್ಟಿನಲ್ಲಿ ಕೂಡಿಟ್ಟು, ಆಮೇಲೆ ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕತ್ತರಿಸಿ ಮೂರು ಫೇಸುಗಳಾಗಿ ಬಡಿಸುತ್ತದೆ. ಮೇಲಾಗಿ ಒಂದು ತಿರುಪು. ಅದನ್ನು ತಿರುಗಿಸಿದರೆ ಬೆಲ್ಟು ಬದಲಿಸದೆಯೇ ವೇಗ ಹೆಚ್ಚು ಕಡಿಮೆ. ಮೋಟರಿಗೆ ಓವರ್‌ಲೋಡಿನ ಕಾವಲೂ ಅದರಲ್ಲೇ ಇದೆ. ಎಂಟು ಸಾವಿರ ಚಿಲ್ಲರೆ ಕೊಟ್ಟು ತಂದೆ. ಪುಸ್ತಕದಲ್ಲಿ "ಡಬ್ಬಿ, 8000 ಚಿಲ್ಲರೆ" ಎಂದು ದಾಖಲಾಯಿತು. ಚಿಲ್ಲರೆ ಎಷ್ಟು ಅಂತ ಮರುದಿನ ಕೇಳಿದಳು.

ಡಬ್ಬಿ ತಂದು ವೈರ್‌ಮನ್ ಎದುರು ಇಟ್ಟಾಗ ಗೊತ್ತಾಯಿತು: ಒಳಗೆ 230 ಹೋದರೆ ಹೊರಗೂ 230ಕ್ಕಿಂತ ಹೆಚ್ಚು ಬಾರದು. ನನ್ನ ಮೋಟರಿಗೆ ಬೇಕಾದ್ದು 415. ಮೂರು ಫೇಸು ಸಿಕ್ಕಿತು, ವೋಲ್ಟು ಸಿಗಲಿಲ್ಲ.

ಇಲ್ಲಿ ಒಂದು ಗುಟ್ಟಿದೆ, ಹಳೆಯ ಯಂತ್ರ ಕೊಳ್ಳಲು ಹೊರಟವರು ಚಹಾ ಬದಿಗಿಟ್ಟು ಕೇಳಬೇಕು. ಮೋಟರಿನೊಳಗೆ ಮೂರು ಸುರುಳಿಗಳಿರುತ್ತವೆ. ಮೂರರ ಬಾಲವನ್ನೂ ಜಡೆಯ ತುದಿಯಂತೆ ಒಂದೇ ಗಂಟು ಹಾಕಿದರೆ ಅದು ಸ್ಟಾರು. ಒಂದರ ಬಾಲ ಇನ್ನೊಂದರ ತಲೆಗೆ, ಮಕ್ಕಳು ಅಂಗಿ ಹಿಡಿದು ರೈಲಾಟ ಆಡುತ್ತ ಸುತ್ತು ಕಟ್ಟಿದಂತೆ ಸೇರಿಸಿದರೆ ಡೆಲ್ಟಾ. ಸ್ಟಾರಿನಲ್ಲಿ ಹೊರಗೆ 415 ಕೊಟ್ಟರೂ ಒಂದೊಂದು ಸುರುಳಿಯ ಪಾಲಿಗೆ ಬರುವುದು 415ನ್ನು 1.732ರಿಂದ ಭಾಗಿಸಿದಷ್ಟು, ಅಂದರೆ 240. ಅಂದ ಮೇಲೆ ಅದೇ ಸುರುಳಿಗಳನ್ನು ಡೆಲ್ಟಾ ಮಾಡಿ 230 ಕೊಟ್ಟರೆ ಅವಕ್ಕೆ ವ್ಯತ್ಯಾಸವೇ ತಿಳಿಯದು! ನಮ್ಮ ದೇಶದ ಮೋಟರುಗಳಲ್ಲಿ ಸಾಮಾನ್ಯವಾಗಿ 2 ಎಚ್‌ಪಿವರೆಗಿನವು ಸ್ಟಾರು, 3 ಎಚ್‌ಪಿ ಮತ್ತು ಮೇಲಿನವು 415ಕ್ಕೇ ಡೆಲ್ಟಾ. ನನ್ನದು 2. ಒಂದು ಎಚ್‌ಪಿ ಹೆಚ್ಚಿದ್ದಿದ್ದರೆ ಡಬ್ಬಿಯೂ ವ್ಯರ್ಥ, ಮೋಟರೂ ವ್ಯರ್ಥ, ನಾನಂತೂ ಸರಿಯೇ ಸರಿ. ಇದಕ್ಕೆ ನನ್ನ ಜಾಣತನ ಕಾರಣವಲ್ಲ, ಗುಜರಿಯವನ ಅಂಗಳದಲ್ಲಿ ದೊಡ್ಡ ಲೇತು ಇರಲಿಲ್ಲ.

ಡೆಲ್ಟಾ ಮಾಡಲು ಮೂರು ಸುರುಳಿಗಳ ಆರೂ ತುದಿ ಕೈಗೆ ಸಿಗಬೇಕು. ಮೋಟರಿನ ವೈರು ಸೇರುವ ಡಬ್ಬಿ ಬಿಚ್ಚಿದರೆ ಆರು ವೈರಿನ ಬದಲು ಮೂರೇ ವೈರು. ಮೋಟರು ಹೊತ್ತು ವೈಂಡಿಂಗ್ ಮಾಡುವ ಭಾಯಿಯ ಅಂಗಡಿಗೆ ಹೋದೆವು. ಆತ ಮುಚ್ಚಳ ತೆಗೆದು, ಒಳಗೆ ಬೆರಳಾಡಿಸಿ, ಗರ್ಭಿಣಿಯ ಹೊಟ್ಟೆ ಮುಟ್ಟಿ ನೋಡಿದ ಸೂಲಗಿತ್ತಿಯಂತೆ ಹೇಳಿದ: "ಸ್ಟಾರ್ ಹೊಟ್ಟೆಯೊಳಗೈತಿ ಸಾರ್. ತೆಗೀಬೇಕು." ಕಟ್ಟಿದ ನೂಲು ಕತ್ತರಿಸಿ, ಒಣಗಿದ ವಾರ್ನಿಷ್ ಕೆರೆದು, ಗಂಟು ಹುಡುಕಿ ಬಿಚ್ಚಿ, ಮೂರು ತುದಿಗೂ ಹೊಸ ವೈರು ಬೆಸೆದು ಸ್ಲೀವು ತೊಡಿಸಿ ಹೊರಗೆ ತಂದ. ಮತ್ತೆ ವಾರ್ನಿಷ್, ಮತ್ತೆ ಒಣಗಿಸುವುದು. ಕೂಲಿ ಕೇಳಿದ್ದು ಐನೂರು ರೂಪಾಯಿ. ನನ್ನ ಈ ಇಡೀ ಸಾಹಸದಲ್ಲಿ ಅತ್ಯಂತ ಅಗ್ಗವಾಗಿದ್ದದ್ದೂ ಅತ್ಯಂತ ಬೆಲೆಯುಳ್ಳದ್ದೂ ಆ ಭಾಯಿಯ ಬೆರಳು. ನಾನು ಐವತ್ತು ಕಡಿಮೆ ಮಾಡಲು ಚೌಕಾಸಿ ಮಾಡಿದ್ದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಕಡಿಮೆ ಮಾಡಿದ, ಅದು ಬೇರೆ ಮಾತು.

ಈಗ ವೈರಿಂಗು. ಅಟ್ಟದ ಮೇಲೆ ಮನೆ ಕಟ್ಟಿಸಿದಾಗ ಉಳಿದ ಮೂರು-ಇಪ್ಪತ್ತರ ವೈರಿನ ಸುರುಳಿ ಇತ್ತು. ಇಪ್ಪತ್ತೆಂಟು ವರ್ಷ ಜೋಪಾನ ಮಾಡಿದ ಆಸ್ತಿ. ಹೆಮ್ಮೆಯಿಂದ ಇಳಿಸಿ ಕೊಟ್ಟೆ. ವೈರ್‌ಮನ್ ಅದನ್ನು ಬಾಗಿಸಿದ, ಮೇಲಿನ ಪ್ಲಾಸ್ಟಿಕ್ ಚಕ್ಕೆಯಾಗಿ ಉದುರಿತು. ಅವನೇನೂ ಅನ್ನಲಿಲ್ಲ, ನನ್ನನ್ನು ನೋಡಿದ ಅಷ್ಟೆ. ಡ್ರೈವು ಹೊರಗೆ ಮೂರು ತಂತಿಗೆ ಹಂಚುವುದನ್ನು ಒಳಗೆ ಒಂದೇ ತಂತಿಯಿಂದ ಎಳೆಯಬೇಕಲ್ಲ. 2 ಎಚ್‌ಪಿಯದ್ದು ಪೂರ್ತಿ ಭಾರಕ್ಕೆ 14 ಆಂಪಿಯರಿನಷ್ಟು ಕುಡಿಯುತ್ತದೆ. ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕವಾಗಿ ನಾಲ್ಕು ಸ್ಕ್ವೇರಿನ ತಾಮ್ರದ ವೈರು, ಅದಕ್ಕೇ ಬೇರೆ ಎಂಸಿಬಿ, ಆರ್‌ಸಿಸಿಬಿ. ಎಲ್ಲ ಹೊಸದು. ಶೆಡ್ಡಿನ ಬೆಂಚು ಹಳೆಯ ಬಾಗಿಲು, ಕಪಾಟು ಹಳೆಯ ಗೋದ್ರೇಜು, ಸ್ಟೂಲು ಮದುವೆ ಛತ್ರದ್ದು. ಅವೆಲ್ಲ ಸೆಕೆಂಡ್ ಹ್ಯಾಂಡ್ ಆದರೆ ಯಾರೂ ಸಾಯುವುದಿಲ್ಲ.

ಆರ್‌ಸಿಸಿಬಿ ಎರಡನೆಯ ದಿನದಿಂದಲೇ ಕಾಟ ಕೊಟ್ಟಿತು. ಡ್ರೈವ್ ಚಾಲೂ ಮಾಡಿದರೆ ಟಪ್. ಡ್ರೈವಿನ ಫಿಲ್ಟರು ಸ್ವಲ್ಪ ಕರೆಂಟನ್ನು ಭೂಮಿಗೆ ಸೋರಿಸುವುದು ಅದರ ಸ್ವಭಾವ, ಸೋರಿದ್ದನ್ನು ಹಿಡಿಯುವುದು ಆರ್‌ಸಿಸಿಬಿಯ ಧರ್ಮ. "ತೆಗೆದುಬಿಡಪ್ಪ ಅದನ್ನ" ಅಂದೆ. ವೈರ್‌ಮನ್ ಸ್ಕ್ರೂಡ್ರೈವರ್ ಜೇಬಿಗಿಳಿಸಿ, "ತೆಗೀತೀನಿ ಸಾರ್. ಮೊದಲು ಅಮ್ಮಾರನ್ನ ಕರೀರಿ, ಅವರ ಎದುರಿಗೆ ತೆಗೀತೀನಿ" ಅಂದ. ಅಮ್ಮನವರನ್ನು ಕರೆಯುವ ಪ್ರಮೇಯ ಬರಲಿಲ್ಲ. ಡ್ರೈವಿನ ಜೊತೆಗೆ ಬಂದ ಪುಸ್ತಕದಲ್ಲಿ ಯಾವ ಬಗೆಯದು ಹಾಕಬೇಕೆಂದು ಬರೆದಿತ್ತು, ಅದನ್ನೇ ತಂದು ಹಾಕಿಸಿದೆ. ಪುಸ್ತಕ ಮೊದಲೇ ಓದಬಹುದಿತ್ತು.

ಅರ್ತಿಂಗಿನ ಕಥೆ ಇನ್ನೂ ಇದೆ. ಮೋಟರಿನ ಮೈಗೆ ಒಂದಲ್ಲ, ಎರಡು ಬೇರೆ ಬೇರೆ ಅರ್ತು ಕೊಡಬೇಕು ಎನ್ನುವುದು ನಿಯಮ. ಎರಡನೆಯದಕ್ಕಾಗಿ ಹಿತ್ತಲ ಮೂಲೆಯಲ್ಲಿ ಆಳೆತ್ತರ ಮೀರಿದ ಗುಂಡಿ ತೋಡಿಸಿದೆವು. ಎರಡೂವರೆ ಮೀಟರಿನ ಜಿಐ ಪೈಪು ಇಳಿಸಿ ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು. ಆಳುಗಳು ತಡವಾಗಿ ಬಂದದ್ದರಿಂದ ಸಂಜೆಗತ್ತಲಾಗಿತ್ತು. ಅಂದು ಅಮಾವಾಸ್ಯೆ ಎನ್ನುವುದು ನನ್ನ ಗಮನದಲ್ಲಿರಲಿಲ್ಲ. ಪಕ್ಕದ ಮನೆಯ ಅಜ್ಜಿ ಮಹಡಿಯ ಮೇಲೆ ಬಟ್ಟೆ ತೆಗೆಯಲು ಬಂದವರು, ಲಾಟೀನಿನಂಥ ದೀಪ ಇಟ್ಟುಕೊಂಡು ನಾನು ಗುಂಡಿಗೆ ಉಪ್ಪು ಸುರಿಯುವುದನ್ನೂ ನನ್ನ ಹೆಂಡತಿ ಇದ್ದಿಲಿನ ಬುಟ್ಟಿ ಹಿಡಿದು ನಿಂತದ್ದನ್ನೂ ಕಂಡರು. ಬೆಳಗ್ಗೆ ಅವರ ಕಾಂಪೌಂಡಿನ ಮೇಲೆ ಸಾಲಾಗಿ ನಿಂಬೆಹಣ್ಣು. ಹದಿನೈದು ದಿನ ನಮ್ಮ ಮನೆಗೆ ಹಬ್ಬದ ಹೋಳಿಗೆ ಬರಲಿಲ್ಲ. ಈಗ ಬೇಸಿಗೆಯಲ್ಲಿ ಅದು ಒಣಗಬಾರದೆಂದು ತುಳಸಿಗೆ ನೀರು ಹಾಕಿದ ಮೇಲೆ ಆ ಪೈಪಿಗೂ ಒಂದು ಬಿಂದಿಗೆ ಹಾಕುತ್ತೇನೆ. ಅಜ್ಜಿ ಅದನ್ನೂ ನೋಡುತ್ತಾರೆ.

ಮುಹೂರ್ತದ ದಿನ ಗುಂಡಿ ಒತ್ತಿದೆ. ಲೇತು ತಿರುಗಿತು, ಹಿಂದುಮುಂದಾಗಿ. ಮೂರು ಫೇಸಿನಲ್ಲಿ ಇದು ಮಾಮೂಲು, ಯಾವುದಾದರೂ ಎರಡು ತಂತಿ ಅದಲುಬದಲು ಮಾಡಿದರೆ ದಿಕ್ಕು ನೆಟ್ಟಗಾಗುತ್ತದೆ. ಆದರೆ ಹಳೆಯ ಲೇತಿನಲ್ಲಿ ತುಂಡನ್ನು ಹಿಡಿದು ತಿರುಗುವ ಚಕ್ಕನ್ನು ಬೋಲ್ಟಿನಂಥ ಮರೆಯ ಮೇಲೆ ತಿರುಗಿಸಿ ಕೂರಿಸಿದ್ದು, ಉಲ್ಟಾ ಓಡಿದರೆ ಬಿಚ್ಚಿಕೊಂಡು ಹೊರಡುತ್ತದೆ. ಹತ್ತು ಕಿಲೋ ಬೀಡು ಕಬ್ಬಿಣ ಬಿಚ್ಚಿಕೊಳ್ಳಲು ಶುರು ಮಾಡಿದಾಗ ನಾನು ಶೆಡ್ಡಿನ ಹೊರಗಿದ್ದೆ, ಹೇಗೆ ಬಂದೆ ಎಂದು ಗೊತ್ತಿಲ್ಲ. ವೈರ್‌ಮನ್ ಓಡದೆ ಸ್ವಿಚ್ ಆರಿಸಿದ. ಆಮೇಲೆ ಅವನು ಹೇಳಿದ್ದು ಎರಡು ಮಾತು, ಎರಡನ್ನೂ ಸೀಮೆಸುಣ್ಣದಲ್ಲಿ ಗೋಡೆಗೆ ಬರೆದಿದ್ದೇನೆ. ಡ್ರೈವಿಗೂ ಮೋಟರಿಗೂ ನಡುವೆ ಯಾವ ಸ್ವಿಚ್ಚೂ ಇರಬಾರದು, ಓಡುವಾಗ ಅಲ್ಲಿ ಕತ್ತರಿಸಿದರೆ ಡ್ರೈವು ಸುಡುತ್ತದೆ. ಲೇತಿನ ಹಳೆಯ ಹ್ಯಾಂಡಲನ್ನು ಡ್ರೈವಿಗೆ ಅಪ್ಪಣೆ ಕೊಡುವುದಕ್ಕೆ ಮಾತ್ರ ಜೋಡಿಸಬೇಕು. ಆರಿಸಿದ ಮೇಲೂ ಹತ್ತು ನಿಮಿಷ ಡಬ್ಬಿಯ ಮುಚ್ಚಳ ಮುಟ್ಟಬಾರದು, ಕೂಡಿಟ್ಟ 325 ವೋಲ್ಟು ಒಳಗೇ ಕಾದಿರುತ್ತದೆ.

ಲೇತು ಈಗ ನಿಜವಾಗಿ ಎಣ್ಣೆಯಂತೆ ತಿರುಗುತ್ತದೆ. ತೀರಾ ನಿಧಾನಕ್ಕಿಳಿಸಿ ಬಹಳ ಹೊತ್ತು ಓಡಿಸಿದರೆ ಮೋಟರಿನ ಸ್ವಂತ ಫ್ಯಾನೂ ನಿಧಾನವಾಗಿ ಮೈ ಬೆಚ್ಚಗಾಗುತ್ತದೆ, ಅದೊಂದು ನೋಡಿಕೊಳ್ಳಬೇಕು.

ಇನ್ನು ಸರ್ಕಾರದ ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಯೋಜನೆಯ ಭಯ. 2023ರ ಆಗಸ್ಟಿನಿಂದ ನಮ್ಮದು ಸೊನ್ನೆ ಬಿಲ್ಲಿನ ಮನೆ. ತಿಂಗಳಿಗೆ 200 ಯುನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮ ತಲೆಗೆ. "ನಿಮ್ಮ ಲೇತಿಂದ ಸೊನ್ನೆ ಹೋದರೆ ನೋಡಿ" ಎಂದು ಮನೆಯವಳು ಮೊದಲೇ ಎಚ್ಚರಿಸಿದ್ದಳು. 2 ಎಚ್‌ಪಿ ಅಂದರೆ ಒಂದೂವರೆ ಕಿಲೋವ್ಯಾಟು. ಒಂದು ಗಂಟೆ ಬೆವರು ಹರಿಸಿ ದುಡಿದರೂ ಎರಡು ಯುನಿಟ್ಟಿನೊಳಗೆ. ನಾನು ಭಾನುವಾರ ಓಡಿಸುವುದು ಇಪ್ಪತ್ತು ನಿಮಿಷ, ಉಳಿದ ಹೊತ್ತು ಟೂಲು ಹುಡುಕುವುದರಲ್ಲಿ ಹೋಗುತ್ತದೆ. ಸೊನ್ನೆ ಭದ್ರವಾಗಿದೆ. ಗೀಸರಿನ ಲೆಕ್ಕ ಎತ್ತಲು ಹೋಗಿ ನಾನೇ ಸುಮ್ಮನಾದೆ.

ಚಿನ್ನದ ಪ್ರಶ್ನೆಗೂ ಒಂದು ಉತ್ತರ ಹೊರಟಿದೆ. ದೇವರಮನೆ ಬಾಗಿಲಿಗೆ ಎರಡು ಹಿತ್ತಾಳೆಯ ಗುಬ್ಬಿ ಟರ್ನಿಂಗ್ ಮಾಡಿ ಹಾಕಿದ್ದೇನೆ. ಒಂದು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ದಪ್ಪ. ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಸಾಲಿನಲ್ಲಿ ಮನೆಯವಳು ಒಟ್ಟು ಖರ್ಚನ್ನು ಎರಡರಿಂದ ಭಾಗಿಸಿ, ಗುಬ್ಬಿ ಒಂದರ ಅಸಲು ಬೆಲೆ ಬರೆದಿಟ್ಟಿದ್ದಾಳೆ. ಆ ಅಂಕಿ ಇಲ್ಲಿ ಬೇಡ.

ಶೆಡ್ಡಿನ ಬಲಮೂಲೆಯಲ್ಲಿ ಒಂದು ಡ್ರಿಲ್ಲಿಂಗ್ ಮಷಿನ್ನಿಗೆ ಜಾಗ ಇದೆ. ಹಳೆಯದಾದರೂ ಸರಿ, ಮೋಟರ್ ಮಾತ್ರ ಒಂದು ಫೇಸಿನದ್ದಿರಬೇಕು. ನಿಮ್ಮ ಕಡೆ ಯಾರಾದರೂ ಮಾರುವವರಿದ್ದರೆ ತಿಳಿಸಿ. ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಹೇಳಿ ಕಳಿಸಿದರೆ ಅನುಕೂಲ. ಆ ಹೊತ್ತಿಗೆ ಮನೆಯವಳು ಮಲಗಿರುತ್ತಾಳೆ.